ಹರಾಜಕ್ಕನ ಗಂಟಲು

ಟ್ರೋಫಿಗಳು ಬಂದದ್ದು ಹಳೆಯ ಹಾಸಿಗೆ ಹೊದಿಕೆಗಳಲ್ಲಿ ಸುತ್ತಿಕೊಂಡು. ಹರಾಜು ಮಳಿಗೆಯ ಹಿಂಬಾಗಿಲಿಗೆ ಬಂದು ನಿಂತ ಬಾಡಿಗೆ ವ್ಯಾನಿನಿಂದ ಮೂವರು ನಡುವಯಸ್ಸಿನವರು ಇಳಿದು, ನಿದ್ದೆಹೋದ ಕೂಸನ್ನು ಎತ್ತಿಕೊಂಡವರಂತೆ ಒಂದೊಂದು ಗಂಟನ್ನು ಎದೆಗೊತ್ತಿಕೊಂಡು ಒಳಗೆ ತಂದರು. ಉದ್ದನೆಯ ಮೇಜಿನ ಮೇಲೆ ಗಂಟುಗಳು ಬಿಚ್ಚಿಕೊಂಡವು: ಮೈಕಿನಾಕಾರದ ಹಿತ್ತಾಳೆ, ರೆಕ್ಕೆ ಮುರಿದ ಗಾಜಿನ ಹಕ್ಕಿ, ಚೌಕಟ್ಟು ಹಾಕಿಸಿದ ಬಂಗಾರದ ಬಣ್ಣದ ರೆಕಾರ್ಡು, ಬೆನ್ನ ಮೇಲೆ ಬೆಂಕಿಯ ಚಿತ್ರ ಹೊಲಿದಿದ್ದ ಜಾಕೆಟ್ಟುಗಳು, ಮನುಷ್ಯರು ತೊಡಲಿಕ್ಕೆಂದು ಮಾಡಿದ್ದೆನ್ನಲು ಧೈರ್ಯ ಸಾಲದಷ್ಟು ದಪ್ಪ ಅಟ್ಟೆಯ ಬೂಟುಗಳು.

ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಸಾಮಾನುಗಳಿಗೆ ಚೀಟಿ ಕಟ್ಟುತ್ತಿದ್ದ ಹೆಂಗಸು ದಾರವನ್ನು ಹಲ್ಲಿನಿಂದ ಕಡಿದು ಎದ್ದು ಬಂದಳು. ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಉಳಿದಿರಲಿಲ್ಲ. ಎಲ್ಲರಿಗೂ ಆಕೆ ಹರಾಜಕ್ಕ.

"ಇಷ್ಟೊಂದು ಬಹುಮಾನ ಹೊಡೆದಿದೀರಲ್ಲ, ನೀವೇನು ಹಾಡೋರಾ, ಕುಣಿಯೋರಾ?" ಎಂದು ಕೇಳಿದಳು. ದನಿ ಒಡಕಾಗಿತ್ತು, ಅರ್ಧ ಗಾಳಿ ಅರ್ಧ ಸದ್ದು.

"ಹಿಪ್ ಹಾಪ್, ಅಕ್ಕ," ಎಂದಳು ಮೂವರಲ್ಲಿದ್ದ ಗಿಡ್ಡನೆಯ ಹೆಂಗಸು.

"ಅಂದ್ರೆ?"

"ತಾಳಕ್ಕೆ ಸರಿಯಾಗಿ ಮಾತಾಡೋದು. ಬಡಬಡ ಬಡಬಡ ಅಂತ. ಉಸಿರು ಬಿಡದೆ."

"ಅದಕ್ಕೆ ಬಹುಮಾನ ಬೇರೆ ಕೊಡ್ತಾರಾ! ನಮ್ಮಪ್ಪ ಜೀವಮಾನ ಪೂರ್ತಿ ಅದನ್ನೇ ಮಾಡಿದ. ಮೀನಿನ ನಾತ ಒಂದು ಬಿಟ್ಟರೆ ಅವನಿಗೇನೂ ಸಿಗಲಿಲ್ಲ."

ಗಿಡ್ಡನೆಯ ಹೆಂಗಸು ಕೈಯಲ್ಲಿದ್ದ ಗಾಜಿನ ಹಕ್ಕಿಯನ್ನು ಮೇಜಿನ ಮೇಲಿಟ್ಟು, "ಗೊತ್ತು. ಕೇಳಿದೀನಿ," ಎಂದಳು.

ಆಕೆಯ ಅಡ್ಡಹೆಸರು ಪಟಾಕಿ. ತಂಡದಲ್ಲಿ ಮಾತು ಸಿಡಿಸುವವಳು. ಅವಳ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದ ಬೋಳುತಲೆಯವನು ತಟ್ಟೆ. ರೆಕಾರ್ಡು ತಟ್ಟೆಗಳನ್ನು ಬೆರಳಲ್ಲಿ ಹಿಂದಕ್ಕೂ ಮುಂದಕ್ಕೂ ಉಜ್ಜಿ ತಾಳ ಹುಟ್ಟಿಸುವುದು ಅವನ ಕೆಲಸ. ಮೂರನೆಯವನು ಸ್ಪ್ರಿಂಗು. ಒಂದು ಕಾಲದಲ್ಲಿ ತಲೆಯ ಮೇಲೆ ನಿಂತು ಬುಗುರಿಯಂತೆ ತಿರುಗುತ್ತಿದ್ದವನು ಈಗ ವ್ಯಾನಿನ ಮೆಟ್ಟಿಲಿಳಿಯುವಾಗ ಮಂಡಿ ಹಿಡಿದು "ಅಯ್ಯಮ್ಮಾ" ಎನ್ನುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಈ ಮೂವರ ಹಾಡು ಬಸ್ಸುಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಕಾಲೇಜಿನ ಶೌಚಾಲಯಗಳಲ್ಲಿ ಸಹ ಕೇಳಿಸುತ್ತಿತ್ತು. ತಂಡ ಜಗಳವಾಡಿಕೊಂಡು ಒಡೆದದ್ದಲ್ಲ. ಮೂವರಿಗೂ ವಯಸ್ಸಾಯಿತು, ಅಷ್ಟೆ. ತಾಲೀಮಿನ ಕೋಣೆಯಿದ್ದ ಕಟ್ಟಡವನ್ನು ಕೆಡವುತ್ತಾರೆಂದಾದಾಗ, ಪ್ರಶಸ್ತಿಗಳನ್ನು ಯಾರ ಮನೆಗೆ ಒಯ್ಯುವುದೆಂಬ ಪ್ರಶ್ನೆ ಎದ್ದಿತು.

"ಮೊದಲು ನಮ್ಮನೆಗೇ ಒಯ್ದೆ. ನನ್ನ ಹೆಂಡತಿ ಆ ಮೈಕಿನ ಟ್ರೋಫಿಗೆ ಒದ್ದೆ ಕಾಲುಚೀಲ ನೇತುಹಾಕಿದ್ಲು," ಎಂದ ತಟ್ಟೆ. "ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಇದನ್ನ ಆಸೆಪಟ್ಟು ನೋಡೋರ ಮನೆಗೇ ಹೋಗಲಿ."

ಹರಾಜಕ್ಕನ ಬದುಕು ಆರಂಭವಾದದ್ದು ಮೀನುಕಟ್ಟೆಯಲ್ಲಿ. ದೋಣಿ ದಡಕ್ಕೆ ತಾಗುವ ಹೊತ್ತಿಗೆ ಅವಳ ಅಪ್ಪ ಮಗುಚಿದ ಬುಟ್ಟಿಯೊಂದರ ಮೇಲೆ ನಿಂತಿರುತ್ತಿದ್ದ. ಮೀನಿಗೆ ಕಾಯುವ ವ್ಯವಧಾನವಿಲ್ಲ. ಆದ್ದರಿಂದ ಕೂಗುವವನಿಗೂ ಇರಕೂಡದು. ಬುಟ್ಟಿಯೊಂದರ ಬೆಲೆ ಏರಿ, ನಿಂತು, ಮುಗಿಯಲು ಒಂದು ಉಸಿರು ಸಾಕಾಗಬೇಕಿತ್ತು. ಅಲ್ಲಿ ಎರಡೇ ಕಟ್ಟಳೆ. ಎತ್ತಿದ ಕೈ ಎಂದರೆ ಕೊಟ್ಟ ಮಾತು, "ನಿಜವಾಗಿ ಕೇಳ್ತಿದೀಯಾ?" ಎಂದು ಯಾರನ್ನೂ ಮರುಪ್ರಶ್ನಿಸುವಂತಿರಲಿಲ್ಲ. ಇನ್ನು, ಒದ್ದೆ ಕೈಯಿಂದ ಸುತ್ತಿಗೆ ಜಾರುತ್ತದೆಂದು ಅಲ್ಲಿ ಗಂಟೆ ಹೊಡೆಯುತ್ತಿದ್ದರು; ಹೊಡೆದ ಗಂಟೆಯನ್ನು ಹಿಂದಕ್ಕೆ ಪಡೆಯುವುದೆಂಬುದೇ ಇರಲಿಲ್ಲ. ಅಪ್ಪ ಒಂದು ದಿನ ಜ್ವರವೆಂದು ಮಲಗಿದಾಗ ಹದಿಹರೆಯದ ಮಗಳು ಬುಟ್ಟಿ ಹತ್ತಿದಳು. ಗಂಡಸರು ನಗೆಯಾಡಿದರು. ನಗು ಮುಗಿಯುವಷ್ಟರಲ್ಲಿ ಅರ್ಧ ಮೀನು ಮಾರಿಹೋಗಿತ್ತು, ಅದೂ ನಕ್ಕವರಿಗೇ.

ಆ ಗುಂಪಿನಲ್ಲಿ ನಗದೆ ನಿಂತಿದ್ದ ಒಬ್ಬಳೆಂದರೆ ತನ್ನ ಊಟದಂಗಡಿಗೆ ಮೀನು ಕೊಳ್ಳಲು ಬಂದಿದ್ದ ಯುವತಿ. ಮುಂದೆ ಆಕೆ ಅಂಗಡಿ ಮಾರಿ, ಖಾಲಿ ಬಿದ್ದಿದ್ದ ಉಗ್ರಾಣವೊಂದನ್ನು ಕೊಂಡು, ಹರಾಜು ಮಳಿಗೆ ತೆರೆದಳು. ತೆರೆದ ದಿನವೇ ಮೀನುಕಟ್ಟೆಗೆ ಬಂದು, "ನಿನ್ನ ಬಾಯಿ ನನಗೆ ಬೇಕು, ನಡಿ," ಎಂದು ಹರಾಜಕ್ಕನನ್ನು ಕೈಹಿಡಿದು ಎಳೆದೊಯ್ದಳು. ಈ ಯಜಮಾನಿಯ ಮಳಿಗೆಯಲ್ಲಿ ಅಂದಿನಿಂದ ಮುಚ್ಚಿದ ಹೋಟೆಲುಗಳ ಮೇಜುಕುರ್ಚಿ, ವಾರಸುದಾರರಿಲ್ಲದ ಪೆಟ್ಟಿಗೆ, ಹಳೆಯ ಪಿಯಾನೋ, ನಿಂತುಹೋದ ಲಾರಿ ಎಲ್ಲವೂ ಮೀನಿನ ವೇಗದಲ್ಲಿಯೇ ಮಾರಾಟವಾದವು.

ಹಾಗೆ ಮಾರುತ್ತಿದ್ದ ಗಂಟಲಿನಲ್ಲಿ ಕಳೆದ ವರ್ಷ ಒಂದು ಗಂಟು ಎದ್ದಿತು. ಶಸ್ತ್ರಚಿಕಿತ್ಸೆ ಮಾಡಿ ತೆಗೆದ ವೈದ್ಯೆ, "ಮಾತಾಡಿ, ತೊಂದರೆ ಇಲ್ಲ. ಕೂಗಬೇಡಿ," ಎಂದಳು. ಈಜಬಹುದು, ಆದರೆ ನೀರಿಗಿಳಿಯಬೇಡಿ ಎಂದಂತಾಯಿತು. ಮನೆಯಲ್ಲಿ ಮೌನ ಬಂದು ನೆಲೆಸಿತು. ಬೋರ್ಡು ಬರೆಯುವ ಕೆಲಸದ ಅವಳ ಗಂಡ ಸಿಕ್ಕವರೆದುರೆಲ್ಲ, "ಮದುವೆಯಾದಮೇಲೆ ಮೊದಲ ಸಲ ಶುರುಮಾಡಿದ ಮಾತನ್ನ ಪೂರ್ತಿ ಮುಗಿಸಿದೆ ಮಾರಾಯ್ರೇ," ಎಂದು ತಮಾಷೆ ಮಾಡುತ್ತಿದ್ದ. ಆದರೆ ಅವಳು ಬಚ್ಚಲಿನಲ್ಲಿ ನೀರಿನ ಸದ್ದಿನ ಮರೆಯಲ್ಲಿ ಮೆಲ್ಲಗೆ ಬೆಲೆ ಏರಿಸುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಬಾಗಿಲಿನಾಚೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದವನೂ ಅವನೇ.

ಮಳಿಗೆಯಲ್ಲಿ ಈಗ ಯಜಮಾನಿಯ ಅಳಿಯ ಹರಾಜು ನಡೆಸುತ್ತಿದ್ದ. ಒಳ್ಳೆಯ ಹುಡುಗ, ಒಳ್ಳೆಯ ಟೈ. ಅವನು ಬೆಲೆ ಕೇಳಿದರೆ ಮಾತ್ರ ಹಿಂದಿನ ಸಾಲಿನವರಿಗೆ ಜೋಂಪು ಹತ್ತುತ್ತಿತ್ತು. ಆದರೂ ಅವನ ಗಂಟಲು ಗಟ್ಟಿಯಾಗಿತ್ತು, ಹರಾಜಕ್ಕ ಚೀಟಿ ಕಟ್ಟುತ್ತ ಕೂತಿದ್ದಳು.

ಪಟಾಕಿ ಪಟ್ಟು ಹಿಡಿಯದಿದ್ದರೆ ಕೂತೇ ಇರುತ್ತಿದ್ದಳು.

"ನಮ್ಮ ಸಾಮಾನು ಹರಾಜಕ್ಕನೇ ಕೂಗಬೇಕು," ಎಂದಳು ಪಟಾಕಿ ಯಜಮಾನಿಯ ಮುಂದೆ. "ಚಿಕ್ಕವಳಿದ್ದಾಗ ಅಮ್ಮನ ಜೊತೆ ಮೀನಿಗೆ ಹೋಗ್ತಿದ್ದೆ. ಮಾತು ಅಷ್ಟು ಜೋರಾಗಿ ಓಡಬಹುದು ಅಂತ ನನಗೆ ಗೊತ್ತಾಗಿದ್ದೇ ಇವರನ್ನ ನೋಡಿ. ಹಿತ್ತಿಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ನಿಂತು ಇವರ ಥರಾನೇ ಕೂಗ್ತಿದ್ದೆ. ಚಪ್ಪಲಿ, ಬಕೆಟ್ಟು, ತಮ್ಮ, ಎಲ್ಲಾ ಮಾರಿದೀನಿ."

"ತಮ್ಮ ಎಷ್ಟಕ್ಕೆ ಹೋದ?" ಎಂದಳು ಹರಾಜಕ್ಕ ಥಟ್ಟನೆ.

"ಯಾರೂ ಕೇಳಲಿಲ್ಲ, ಅಕ್ಕ. ಈಗಲೂ ನಮ್ಮನೇಲೇ ಇದಾನೆ."

ಯಜಮಾನಿ ನಗಲಿಲ್ಲ. ಗೆಳತಿಯನ್ನು ಪಕ್ಕಕ್ಕೆ ಕರೆದು, ಮುಚ್ಚುಮರೆಯಿಲ್ಲದೆ ಹೇಳಿದಳು: "ನೋಡು, ನಿನ್ನ ಮೇಲಿರೋ ಪ್ರೀತಿಯಿಂದ ನಾನು ಮಳಿಗೆಗೆ ಜನ ತುಂಬಿಸಕ್ಕಾಗಲ್ಲ. ಇದೊಂದು ಹರಾಜು ನಿನ್ನದು. ಕೊನೇ ಸಾಮಾನಿನವರೆಗೂ ನೀನೇ ಕೂಗಿ ಮುಗಿಸಿದೆಯೋ, ಇನ್ನುಮೇಲೆ ಹರಾಜು ಕಟ್ಟೆ ನಿನ್ನದೇ, ಯಾರೂ ಕೇಳಲ್ಲ. ಮಧ್ಯದಲ್ಲಿ ಗಂಟಲು ಕೈಕೊಟ್ಟರೆ ಅಳಿಯಂದಿರು ಎದ್ದು ಬರ್ತಾರೆ. ಆಮೇಲೆ ಚೀಟಿ ಕಟ್ಟಿಕೊಂಡು ಸುಮ್ಮನಿರಬೇಕು. ನನ್ನ ಮುಂದೆ ಕಣ್ಣೀರು ಗಿಣ್ಣೀರು ಬೇಡ."

"ಕಣ್ಣೀರಾ? ನಿನ್ನ ಅಳಿಯ ಕೂಗೋದು ಕೇಳಿದಾಗ ಮಾತ್ರ ಬರುತ್ತೆ," ಎಂದು ಹರಾಜಕ್ಕ ಒಪ್ಪಿಕೊಂಡಳು.

ಸಿದ್ಧತೆಯ ದಿನಗಳಲ್ಲಿ ಮಳಿಗೆಯ ಹಿಂಗೋಣೆ ಪಾಠಶಾಲೆಯಾಯಿತು. ಪ್ರತಿಯೊಂದು ವಸ್ತುವನ್ನೂ ಕೈಗೆತ್ತಿಕೊಂಡು, ತೂಗಿ, ಮೂಸಿ, ಅದು ಎಲ್ಲಿತ್ತು, ಯಾರು ತೊಟ್ಟಿದ್ದರು ಎಂದು ಕೇಳಿ ತಿಳಿಯದೆ ಹರಾಜಕ್ಕ ಕಟ್ಟೆ ಹತ್ತುತ್ತಿರಲಿಲ್ಲ. ಗಾಜಿನ ಹಕ್ಕಿಯ ರೆಕ್ಕೆ ಮುರಿದದ್ದು ಪ್ರಶಸ್ತಿ ಬಂದ ಸಂಜೆಯೇ, ಸ್ಪ್ರಿಂಗು ಅದನ್ನು ಹಿಡಿದುಕೊಂಡೇ ಪಲ್ಟಿ ಹೊಡೆದದ್ದರಿಂದ. ಬೆಂಕಿಯ ಜಾಕೆಟ್ಟುಗಳನ್ನು ಹೊಲಿದವಳು ತಟ್ಟೆಯ ಅತ್ತೆ. ಅಳಿಯ ಕೆಟ್ಟುಹೋದನೆಂದು ಬೈಯುತ್ತಲೇ ಹೊಲಿದಿದ್ದಳು. ಮೈಕಿನ ಟ್ರೋಫಿ ಅವರಿಗೆ ಬಂದ ಮೊದಲನೆಯದು. ಅದನ್ನು ಪಡೆಯಲು ಹೋದಾಗ ದ್ವಾರಪಾಲಕ ಇವರನ್ನು ಕುರ್ಚಿ ಜೋಡಿಸುವವರೆಂದು ತಿಳಿದು ಹಿಂದಿನ ಬಾಗಿಲಿಗೆ ಕಳಿಸಿದ್ದ. ಮೂವರೂ ಅರ್ಧ ಹಾಲಿಗೆ ಕುರ್ಚಿ ಜೋಡಿಸಿ, ಆಮೇಲೆ ವೇದಿಕೆ ಹತ್ತಿದ್ದರು.

ಕಥೆಗಳಿಗೆ ಬದಲಾಗಿ ಪಟಾಕಿ ಉಸಿರಿನ ಪಾಠ ಕೊಟ್ಟಳು.

"ಅಕ್ಕ, ನೀವು ಸಾಲು ಮುಗಿಯೋ ತನಕ ಉಸಿರು ಹಿಡೀತೀರ. ಅದಕ್ಕೇ ಕೊನೇಲಿ ಗಂಟಲು ಉಜ್ಜುತ್ತೆ. ಸಾಲಿನ ಮಧ್ಯದಲ್ಲಿ ಕದೀಬೇಕು. ಯಾರಿಗೂ ಗೊತ್ತಾಗದ ಹಾಗೆ, ಎರಡು ಮಾತಿನ ಸಂದೀಲಿ."

"ಈ ವಯಸ್ಸಲ್ಲಿ ಕದಿಯೋದು ಕಲೀಬೇಕಾ ನಾನು!"

"ಜೊತೆಗೆ ಮೈಕು ಹಿಡಿದರೆ ಅರ್ಧ ಕೆಲಸ ಅದೇ ಮಾಡುತ್ತೆ."

ಉಸಿರು ಕದಿಯಲು ಅವಳು ಒಪ್ಪಿದಳು, ಕಲಿತಳು ಕೂಡ. ಮೈಕಿನ ಮಾತಿಗೆ ಮಾತ್ರ ಮುಖ ಸಿಂಡರಿಸಿದಳು. "ಮೈಕು ಹಿಡಿಯೋರು ಲಾಟರಿ ಮಾರೋರು. ಕೊಳ್ಳೋನಿಗೆ ಕೂಗೋಳ ಬಾಯಿ ಕಾಣಬೇಕು." ಅಪ್ಪನಿಂದ ಬಂದ ಈ ಹಟದ ಮುಂದೆ ಪಟಾಕಿಯ ಮಾತು ನಡೆಯಲಿಲ್ಲ.

ಹರಾಜಿನ ದಿನ ಬಾಗಿಲು ತೆರೆಯುವ ಮೊದಲೇ ಬೀದಿ ತುಂಬಿತ್ತು. ಹಳೆಯ ಅಭಿಮಾನಿಗಳು ಹಳೆಯ ಅಳತೆಯ ಜಾಕೆಟ್ಟುಗಳಲ್ಲಿ ಬಂದಿದ್ದರು. ಗುಂಡಿ ಹಾಕಲಾಗದವರು ಹಾಕದೆಯೇ ಮೆರೆಯುತ್ತಿದ್ದರು. ಬ್ಯಾಂಕಿನವರು, ಹಲ್ಲಿನ ವೈದ್ಯ, ಶಾಲೆಯ ವ್ಯಾನು ಓಡಿಸುವ ಹೆಂಗಸು, ಮೀಸೆ ಮೂಡುತ್ತಿದ್ದ ಮಕ್ಕಳೆದುರು ನಾಚಿಕೆಯಿಲ್ಲದೆ ಹಳೆಯ ಸಾಲುಗಳನ್ನು ಗುನುಗುತ್ತಿದ್ದ ಅಪ್ಪಂದಿರು. ಮುಂದಿನ ಸಾಲಿನ ಮೊದಲ ಕುರ್ಚಿಯಲ್ಲಿ ಅಳಿಯ ಕೂತಿದ್ದ. ಬಿಸಿನೀರು ಗುಟುಕರಿಸಿ ಆಗಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆ ಕೆಮ್ಮು ಕೇಳಿದಾಗಲೆಲ್ಲ ಹರಾಜಕ್ಕನ ಮೈಯಲ್ಲಿ ಹುರುಪೇರುತ್ತಿತ್ತು. ಹಿಂದಿನ ಗೋಡೆಗೊರಗಿ ಅವಳ ಗಂಡ ನಿಂತಿದ್ದ; ಬೆರಳ ತುದಿಯಲ್ಲಿ ಆರದ ಬಣ್ಣ.

ಅವಳು ಕಟ್ಟೆ ಹತ್ತಿದಳು. ಮೊದಲು ಬೂಟುಗಳು ಹೋದವು, ಆಮೇಲೆ ಟೋಪಿಗಳು, ಬಸ್ ಟಿಕೆಟ್ಟಿನ ಬೆನ್ನಿನಲ್ಲಿ ಗೀಚಿದ್ದ ಹಾಡಿನ ಸಾಲುಗಳು. ದನಿ ಒಡಕಾಗಿದ್ದರೂ ನಿಂತಿತು. ಎರಡು ಮಾತಿನ ಸಂದಿಯಲ್ಲಿ ಉಸಿರು ಕದ್ದಳು, ಯಾರಿಗೂ ತಿಳಿಯಲಿಲ್ಲ. ಧೈರ್ಯ ಬಂತು. ಧೈರ್ಯದ ಬೆನ್ನಿಗೇ ವೇಗ ಬಂತು. ಬೆಂಕಿಯ ಜಾಕೆಟ್ಟುಗಳಲ್ಲಿ ತಟ್ಟೆಯದನ್ನು ಎತ್ತಿ ಹಿಡಿಯುವ ಹೊತ್ತಿಗೆ ಅವಳು ಮಳಿಗೆಯಲ್ಲಿರಲಿಲ್ಲ, ಮಗುಚಿದ ಬುಟ್ಟಿಯ ಮೇಲಿದ್ದಳು.

"ಅತ್ತೆ ಬೈದು ಹೊಲಿದಿದ್ದು, ಅಳಿಯ ಬೆವತು ತೊಟ್ಟಿದ್ದು, ಯಾರು ಯಾರು ಯಾರು, ಅಲ್ಲೊಂದು ಕೈ, ಇಲ್ಲೊಂದು ಕೈ, ಏರ್ತಾ ಇದೆ ಏರ್ತಾ ಇದೆ, ಬಿಟ್ಟವರು ಕೆಟ್ಟರು, ಹಿಂದಿನ ಸಾಲು ಏನಂತು..."

ಕೂಗಿಗೆ ತಾನಾಗಿಯೇ ತಾಳ ಕೂಡಿತ್ತು. ತಟ್ಟೆ ತಡೆಯಲಾರದೆ ಮೇಜಿನ ಮೇಲೆ ಎರಡು ಬೆರಳು ಬಡಿದ. ಅಷ್ಟೇ ಸಾಕಾಯಿತು. ಹಿಪ್ ಹಾಪ್ ಕೇಳಿ ಬೆಳೆದವರ ಮೈಯಲ್ಲಿ ಒಂದು ಅಭ್ಯಾಸ ಕೂತುಬಿಟ್ಟಿರುತ್ತದೆ: ತಾಳ ಹಿಡಿಸಿದರೆ ಕೈ ಮೇಲೆ ಹೋಗುತ್ತದೆ, ಇಳಿಯುತ್ತದೆ, ಮತ್ತೆ ಮೇಲೆ ಹೋಗುತ್ತದೆ. ಇಡೀ ಹಾಲು ಕೈಯೆತ್ತಿತು. ಮೀನುಕಟ್ಟೆಯಲ್ಲಿ ಬೆಳೆದವಳ ಕಣ್ಣಿಗಾದರೋ ಎತ್ತಿದ ಕೈ ಎಂದರೆ ಕೊಟ್ಟ ಮಾತು. ಅವಳು ಒಂದೊಂದು ಕೈಗೂ ಒಂದೊಂದು ಮೆಟ್ಟಿಲು ಬೆಲೆ ಏರಿಸುತ್ತ ಹೋದಳು. ಬೆಲೆ ಏರಿದಷ್ಟೂ ಕೂಗು ರಭಸವಾಯಿತು. ಕೂಗು ರಭಸವಾದಷ್ಟೂ ಕೈಗಳು ಎದ್ದವು. ಜಾಕೆಟ್ಟಿನ ಬೆಲೆ ಮನೆಯ ಬೆಲೆಯನ್ನು ಮುಟ್ಟುವಂತಾದಾಗ ಯಜಮಾನಿ ಕುರ್ಚಿ ಬಿಟ್ಟೆದ್ದಳು. ಅಷ್ಟರಲ್ಲಿ, "ಒಂದನೇ ಸಲ, ಎರಡನೇ ಸಲ, ಮೂರನೇ ಸಲ!" ಗಂಟೆ ಢಣಾರೆಂದಿತು.

"ನಿಮ್ಮದಾಯ್ತು! ಕೆಂಪು ಅಂಗಿಯವರೇ, ತಗೊಳ್ಳಿ!"

ಕೆಂಪು ಅಂಗಿಯಲ್ಲಿದ್ದ ಹಲ್ಲಿನ ವೈದ್ಯನ ಕೈ ಮೇಲೆಯೇ ಉಳಿದಿತ್ತು. ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿ ಮೆಲ್ಲಗೆ ಇಳಿಸಿದ. "ನಂದಾ? ನಾನು... ನಾನು ಕುಣೀತಿದ್ದೆ, ಅಷ್ಟೆ."

"ಕೈ ಎತ್ತಿದಿರಲ್ಲ?"

"ಎಲ್ಲರೂ ಎತ್ತಿದಾರಲ್ಲ ಅಕ್ಕ! ನನ್ನ ಕ್ಲಿನಿಕ್ಕು, ಕ್ಲಿನಿಕ್ಕಿನ ಕುರ್ಚಿ, ನನ್ನ ಬಾಯಲ್ಲಿರೋ ಹಲ್ಲು ಸೇರಿಸಿ ಮಾರಿದರೂ ಅಷ್ಟಾಗಲ್ಲ."

ಜನರೆಲ್ಲ ಬಿದ್ದು ಬಿದ್ದು ನಕ್ಕರು. ಹರಾಜಕ್ಕ ನಗಲಿಲ್ಲ. ತನ್ನೆದುರು ಇಷ್ಟು ಹೊತ್ತು ಕಂಡದ್ದು ಕೊಳ್ಳುವವರಲ್ಲ, ಕುಣಿಯುವವರು ಎಂಬುದು ಅವಳಿಗೆ ಹೊಳೆಯಿತು. ಅಪ್ಪನ ಕಾಲದಿಂದ ಹೊಡೆದ ಗಂಟೆ ಹೊಡೆದದ್ದೇ. ಹಿಂದಕ್ಕೆ ಪಡೆದರೆ ಅವಳ ಗಂಟೆಗೆ ಇನ್ನು ಮರ್ಯಾದೆಯಿಲ್ಲ. ಪಡೆಯದಿದ್ದರೆ ಕೈಯೆತ್ತಿ ಸಂತೋಷಪಟ್ಟದ್ದಕ್ಕೆ ಒಬ್ಬ ಮನುಷ್ಯ ಮನೆ ಮಾರಬೇಕು. ಅವಳು ಬಾಯಿ ತೆರೆದಳು. ಸದ್ದು ಬರಲಿಲ್ಲ. ಆ ಓಟಕ್ಕೆ ಗಂಟಲು ಪೂರ್ತಿ ಸವೆದುಹೋಗಿತ್ತು. ತುಟಿ ಮಾತ್ರ ಆಡುತ್ತಿತ್ತು.

ಅಳಿಯ ಬಿಸಿನೀರಿನ ಲೋಟ ಕೆಳಗಿಟ್ಟು ಎದ್ದ. ಯಜಮಾನಿ ಅವನತ್ತ ಕೈ ಮಾಡಲೂ ಇಲ್ಲ, ತಡೆಯಲೂ ಇಲ್ಲ, ನೆಲ ನೋಡಿದಳು.

ಪಟಾಕಿ ಅಳಿಯನಿಗಿಂತ ಮೊದಲು ಕಟ್ಟೆಯ ಬುಡದಲ್ಲಿದ್ದಳು. ಕೈಯಲ್ಲಿ ತಂಡದ ಹಳೆಯ ಮೈಕು. ಅದೂ ಹರಾಜಿಗಿಟ್ಟಿದ್ದ ಸಾಮಾನೇ, ಚೀಟಿ ಇನ್ನೂ ತೂಗುತ್ತಿತ್ತು. ತಟ್ಟೆ ಅದರ ತಂತಿಯನ್ನು ಆಗಲೇ ಸ್ಪೀಕರಿಗೆ ಸಿಕ್ಕಿಸಿದ್ದ.

"ತುಟಿಗೆ ತಾಗಿಸಿ ಹಿಡೀರಿ. ಕೂಗಬೇಡಿ. ಗುಟ್ಟು ಹೇಳಿ," ಎಂದಳು.

ಹರಾಜಕ್ಕ ಮೈಕನ್ನು ನೋಡಿದಳು, ಹತ್ತಿರ ಬರುತ್ತಿದ್ದ ಟೈಯನ್ನು ನೋಡಿದಳು. ಮೈಕನ್ನು ಕಸಿದುಕೊಂಡಳು.

"ತಪ್ಪು ನಂದು," ಎಂದಳು. ಪಿಸುದನಿ ಹಾಲಿನ ಮೂಲೆಮೂಲೆಗೂ ಹರಡಿ, ಪ್ರತಿಯೊಬ್ಬರ ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿಸಿತು. ನಗು ತಟಕ್ಕನೆ ನಿಂತಿತು. "ನನ್ನ ಜೀವಮಾನದಲ್ಲಿ ಹೊಡೆದ ಗಂಟೆ ವಾಪಸ್ ತಗೊಂಡಿಲ್ಲ. ಇವತ್ತು ತಗೋತೀನಿ. ಡಾಕ್ಟರೇ, ನಿಮ್ಮ ಹಲ್ಲು ನಿಮ್ಮ ಹತ್ರಾನೇ ಇರಲಿ. ಇನ್ನುಮೇಲೆ ಕೊಳ್ಳೋರು ಎದ್ದು ನಿಂತು ಕೇಳಿ. ಕುಣಿಯೋರು ಕೂತು ಕುಣೀರಿ. ಅಳಿಯಂದ್ರೇ, ಎದ್ದು ನಿಂತಿದೀರಲ್ಲ, ಜಾಕೆಟ್ಟು ಬೇಕಾ?"

ಅಳಿಯ ಹಿಂದೆ ಸರಿದು ದಢಕ್ಕನೆ ಕೂತ. ಮತ್ತೆ ನಗು ಎದ್ದಿತು; ಈ ಸಲ ಯಜಮಾನಿಯೂ ಸೇರಿಕೊಂಡಳು.

ಅನಂತರದ್ದು ಹರಾಜಕ್ಕ ತನ್ನ ಬದುಕಿನಲ್ಲಿ ಮಾಡಿರದ ಬಗೆಯ ಹರಾಜು. ಕೂಗಿ ಬೆಲೆ ಏರಿಸುವುದನ್ನಷ್ಟೇ ಬಲ್ಲವಳು ಪಿಸುಗುಟ್ಟಿ ಏರಿಸಿದಳು. ದನಿ ತಗ್ಗಿದಷ್ಟೂ ಜನ ಮುಂದಕ್ಕೆ ಬಾಗಿದರು. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬಂದರು. ಬೆಂಕಿಯ ಜಾಕೆಟ್ಟನ್ನು ಮತ್ತೆ ಇಟ್ಟಾಗ ಬ್ಯಾಂಕಿನವನೊಬ್ಬ ಎದ್ದು ನಿಂತು ನ್ಯಾಯವಾದ ಬೆಲೆಗೆ ಕೊಂಡ, ಅಲ್ಲೇ ತೊಡಲು ಹೋಗಿ ಒಂದು ತೋಳಿನಲ್ಲಿ ಸಿಕ್ಕಿಕೊಂಡ. ಬಂಗಾರದ ರೆಕಾರ್ಡು ಹೋಯಿತು. ಗಾಜಿನ ಹಕ್ಕಿಗೆ ಬಂದಷ್ಟೇ ಬೆಲೆ ಅದರ ಮುರಿದ ರೆಕ್ಕೆಗೂ ಬಂತು; ಸ್ಪ್ರಿಂಗು ಎದೆಯುಬ್ಬಿಸಿ, "ನೋಡಿದ್ಯಾ, ನಾನು ಬಿದ್ದಿದ್ದಕ್ಕೂ ದುಡ್ಡಿದೆ," ಎಂದ.

ಕೈಯಲ್ಲಿದ್ದ ಮೈಕನ್ನು ಬಿಟ್ಟರೆ ಕೊನೆಗೆ ಉಳಿದದ್ದು ಮೈಕಿನಾಕಾರದ ಮೊದಲ ಪ್ರಶಸ್ತಿ. ಅಷ್ಟು ಹೊತ್ತಿಗೆ ಪಿಸುದನಿಯೂ ಸೋಲತೊಡಗಿತ್ತು; ಒಂದೊಂದು ಮಾತಿಗೂ ಗಂಟಲಲ್ಲಿ ಮರಳು ಕದಡಿದಂತಾಗುತ್ತಿತ್ತು. ಅವಳು ಕುರ್ಚಿ ಜೋಡಿಸಿದ ಕಥೆಯನ್ನು ಹೇಳಿದಳು, ಮಧ್ಯದಲ್ಲಿ ಉಸಿರು ಕದಿಯುತ್ತ, ಆಡಬೇಕಾದ ಮಾತುಗಳನ್ನು ಆದಷ್ಟು ಕಡಿಮೆ ಮಾಡುತ್ತ. ಕಾಫಿ ಅಂಗಡಿಗಳ ಮಾಲೀಕನೊಬ್ಬ ಎದ್ದು ನಿಂತ. ಆಚೆ ಕಡೆಯಿಂದ ವ್ಯಾನು ಓಡಿಸುವ ಹೆಂಗಸೂ ಎದ್ದು ನಿಂತಳು. ಬೆಲೆ ಅವಳಿಂದ ಇವನಿಗೆ, ಇವನಿಂದ ಅವಳಿಗೆ ಏರಿತು. ಮಾಲೀಕ ಹಾಯಾಗಿ ನಿಂತಿದ್ದ. ಅವಳು ಒಂದೊಂದು ಸಲವೂ ಕಣ್ಣು ಮುಚ್ಚಿ ತೆರೆದು ತಲೆಯಾಡಿಸುತ್ತಿದ್ದಳು. ಒಂದು ಹಂತದಲ್ಲಿ ಮಾಲೀಕ ಅವಳತ್ತ ತಿರುಗಿ ಕೇಳಿದ:

"ಎಲ್ಲಿಡ್ತೀರಮ್ಮ ಇದನ್ನ?"

"ವ್ಯಾನಲ್ಲಿ. ಸ್ಟೀರಿಂಗ್ ಮುಂದೆ. ದಿನಾ ಇವರ ಹಾಡೇ ಹಾಕೋದು ನಾನು. ಮಕ್ಕಳಿಗೆಲ್ಲ ಬಾಯಿಪಾಠ."

"ನಾನು ಗೋಡೆಗೆ ನೇತುಹಾಕಬೇಕು ಅಂತಿದ್ದೆ," ಎಂದ ಮಾಲೀಕ. ಸ್ವಲ್ಪ ಹೊತ್ತು ನಿಂತೇ ಇದ್ದ. ಕೂತ.

"ಒಂದನೇ ಸಲ," ಎಂದಳು ಹರಾಜಕ್ಕ. ಅಳಿಯನ ಕುರ್ಚಿ ಕಿರುಗುಟ್ಟಲಿಲ್ಲ. "ಎರಡನೇ ಸಲ." ಉಸಿರು ಕದಿಯಲು ಹೋದರೆ ಸಿಗಲಿಲ್ಲ. ಹಿಂದಿನ ಗೋಡೆಗೊರಗಿದ್ದ ಗಂಡ ತನ್ನ ಕುತ್ತಿಗೆಯನ್ನು ತಾನೇ ಹಿಡಿದುಕೊಂಡಿದ್ದ. ಅವಳು ಕಾದಳು, ಮೀನುಕಟ್ಟೆಯಲ್ಲಿ ಎಂದೂ ಕಾಯದಿದ್ದವಳು. ಜನರೂ ಅವಳೊಂದಿಗೆ ಕಾದರು. ಆ ಬಿಡುವಿನೊಳಗೆ ಒಂದಿಷ್ಟು ಗಾಳಿ ಎಲ್ಲಿಂದಲೋ ಒದಗಿ ಬಂತು. "ಮೂರನೇ ಸಲ."

ಗಂಟೆ ಹೊಡೆಯಿತು. ವ್ಯಾನಿನ ಹೆಂಗಸು ಕಿರುಚಿ ಪಕ್ಕದಲ್ಲಿದ್ದ ಅಪರಿಚಿತನನ್ನು ತಬ್ಬಿಕೊಂಡಳು. ತಟ್ಟೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಕುರ್ಚಿಗಳು ಸರಿದು, ಜನ ಎದ್ದು, ಯಾರು ಯಾರನ್ನೋ ತಟ್ಟಿ, ಒಂದೇ ಗಲಾಟೆ.

ಯಜಮಾನಿ ಆ ಗಲಾಟೆಯ ನಡುವೆ ದಾರಿ ಮಾಡಿಕೊಂಡು ಕಟ್ಟೆಯ ಬಳಿ ಬಂದಳು.

"ಗುರುವಾರದ ಹರಾಜಿಗೆ, ಮುಚ್ಚಿದ ಹೋಟೆಲಿನ ಮಂಚಗಳಿವೆ. ಯಾರು ಕೂಗೋದು?"

ಹರಾಜಕ್ಕ ತನ್ನ ಎದೆ ತಟ್ಟಿಕೊಂಡು ತೋರಿಸಿದಳು.

"ಬಾಯಿಬಿಟ್ಟು ಹೇಳು. ನನಗೆ ಮೂಕಿಯನ್ನ ಕಟ್ಟಿಕೊಂಡು ಆಗಬೇಕಾದ್ದೇನಿಲ್ಲ," ಎಂದಳು ಯಜಮಾನಿ, ಅವಳ ಕೈಯಲ್ಲಿದ್ದ ಮೈಕನ್ನು ಬಾಯಿಯತ್ತ ತಳ್ಳುತ್ತ.

ಹರಾಜಕ್ಕ ಮೈಕನ್ನು ತುಟಿಗೆ ತಾಗಿಸಿದಳು. "ನಾನೇ," ಎಂದಳು.

ಏನು ನಡೆಯುತ್ತಿದೆಯೆಂದು ಗೊತ್ತಿಲ್ಲದಿದ್ದರೂ ಹಾಲಿನಲ್ಲಿದ್ದವರೆಲ್ಲ ಹೋ ಎಂದು ಕೂಗಿದರು.